ಗಾಳಿ ಆಡದ ಹಿತ್ತಲು

ಆಗ ಆದವಾನಿಯಲ್ಲಿ ಎರಡು ಬಗೆಯ ವಸ್ತಾದರಿದ್ದರು. ಗರಡಿಯ ವಸ್ತಾದನ ಬಳಿಗೆ ಹುಡುಗರು ಹೋಗಿ, ಕೆಮ್ಮಣ್ಣಿನಲ್ಲಿ ಬಿದ್ದು ಎದ್ದು ಪೈಲ್ವಾನರಾಗುತ್ತಿದ್ದರು. ಇನ್ನೊಂದು ಬಗೆಯವನು ನಸುಕಿನಲ್ಲಿ ತಾನೇ ಸಾಹುಕಾರರ ಮನೆಗಳಿಗೆ ಹೋಗಿ, ಹತ್ತಿ ಅಂಗಡಿಯ ಗಾದಿಯ ಮೇಲೆ ಕೂತು ಕೂತು ಸಡಿಲಾದ ಮೈಗಳನ್ನು ಒಂದೊಂದಾಗಿ ತಿದ್ದುತ್ತಿದ್ದ. ಪೆದ್ದಕಡುಬೂರಿನ ದುರುಗಣ್ಣ ಈ ಎರಡನೆಯ ಬಗೆಯವನು.

ಅವನು ಬೇಡರವನು. ಎಳೆವಯಸ್ಸಿನಲ್ಲೇ ಊರು ಬಿಟ್ಟು ಬಂದು ಆದವಾನಿಯ ಹತ್ತಿ ಪ್ರೆಸ್ಸಿನಲ್ಲಿ ಅಂಡಿಗೆ, ಅಂದರೆ ಒತ್ತಿ ಬಿಗಿದ ಹತ್ತಿಯ ಮೂಟೆ, ಹೊರುತ್ತಿದ್ದ. ಅವನ ಬೆನ್ನು ನೋಡಿ ಗರಡಿಯ ಮುದಿ ವಸ್ತಾದ ಕರೆದುಕೊಂಡ. ಪತ್ತಿಕೊಂಡದವರೆಗೆ ಹೋಗಿ ಕುಸ್ತಿ ಹಿಡಿದ; ಗೆದ್ದದ್ದೂ ಉಂಟು. ಮೂವತ್ತರ ಹೊತ್ತಿಗೆ ಬಲಭುಜದ ಕೀಲು ತಪ್ಪಿತು. ಕೂರಿಸಿದರೂ ಮೊದಲಿನಂತಾಗಲಿಲ್ಲ. "ನಿನ್ನ ಭುಜ ಹೋಗೈತಿ, ಕಣ್ಣು ಹೋಗಿಲ್ಲ. ಮಂದಿ ಮೈ ನೋಡಿ ಉಣ್ಣು ಹೋಗು," ಎಂದು ಮುದಿ ವಸ್ತಾದ ಅವನನ್ನು ಒಬ್ಬ ಸಾಹುಕಾರನ ಮನೆಗೆ ಕಳಿಸಿದ. ಒಂದು ಮನೆ ನೋಡಿ ಇನ್ನೊಂದು ಮನೆ ಕರೆಯಿತು.

ಹೊಸ ಮನೆಯಲ್ಲಿ ಮೊದಲ ದಿನ ಅವನು ಏನೂ ಮಾಡಿಸುತ್ತಿರಲಿಲ್ಲ. ಸಾಹುಕಾರನನ್ನು ನೆಲದ ಮೇಲೆ ಕೂರಿಸಿ, ಕೈ ಊರದೆ ಏಳಲು ಹೇಳುತ್ತಿದ್ದ. ಏಳುವ ರೀತಿಯಲ್ಲೇ ಅವನಿಗೆ ಬೇಕಾದದ್ದೆಲ್ಲ ತಿಳಿಯುತ್ತಿತ್ತು. ಮರುದಿನದಿಂದ ಬಸ್ಕಿ, ದಂಡ, ಆಮೇಲೆ ಮರದ ಗದೆ, ಕೊನೆಗೆ ಎಣ್ಣೆ ಹಚ್ಚಿ ತಿಕ್ಕುವುದು. ಲಿಂಗವಂತರ ಮನೆಯಲ್ಲಾದರೆ ಮೊದಲು ಕೊರಳಿನ ಲಿಂಗದ ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಬಿಗಿದುಕೊಳ್ಳಬೇಕು, ಇಲ್ಲದಿದ್ದರೆ ದಂಡ ಹಾಕುವಾಗ ಅದು ನೆಲಕ್ಕೆ ತಾಗುತ್ತದೆ. ಅವರು ಬಿಗಿದುಕೊಂಡು ಮುಗಿಸುವವರೆಗೆ ದುರುಗಣ್ಣ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ.

ನಮ್ಮ ಮನೆಗೆ ಗೋಡೆ ಹೊಂದಿಕೊಂಡಿದ್ದದ್ದು ಹತ್ತಿ ವ್ಯಾಪಾರಿ ಚನ್ನಬಸಯ್ಯನ ಮನೆ. ಆ ಮನೆತನಕ್ಕೆ ಒಂದು ಹಕ್ಕಿತ್ತು. ಶ್ರಾವಣದಲ್ಲಿ ಪೇಟೆಯ ಬಸವಣ್ಣನ ಗುಡಿಯಿಂದ ನಂದಿಕೋಲು ಹೊರಡುತ್ತದೆ: ಮಾಳಿಗೆಗಿಂತ ಎತ್ತರದ ಕೋಲು, ಮೈತುಂಬ ಹಿತ್ತಾಳೆಯ ಬಳೆ, ತುದಿಯಲ್ಲಿ ಕಳಸ ಮತ್ತು ಬಟ್ಟೆಯ ಪಟ. ಅದರ ಬುಡವನ್ನು ಸೊಂಟದ ದಪ್ಪ ಪಟ್ಟಿಯಲ್ಲಿ ಊರಿಕೊಂಡು ಒಬ್ಬನೇ ಹೊತ್ತು ಊರಾಚೆಯ ಕಟ್ಟೆಯವರೆಗೆ ನಡೆಯಬೇಕು. ಲಿಂಗ ಕಟ್ಟದವರು ಅದನ್ನು ಮುಟ್ಟುವಂತಿಲ್ಲ. ನಡುದಾರಿಯಲ್ಲಿ ಇಳಿಸಿದರೆ ಹಕ್ಕು ದಾಯಾದಿಗಳಿಗೆ ಹೋಗುತ್ತದೆ. ಚನ್ನಬಸಯ್ಯನ ಅಣ್ಣ ಚಂದ್ರಣ್ಣ ಬಹಳ ವರ್ಷ ಹೊತ್ತ. ೧೯೩೮ರಲ್ಲಿ ಅವನು ಜ್ವರದಿಂದ ತೀರಿಕೊಂಡ. ಗಂಡುಮಕ್ಕಳಿರಲಿಲ್ಲ. ಸರದಿ ಚನ್ನಬಸಯ್ಯನಿಗೆ ಬಂತು. ಅವನಿಗೆ ನಲವತ್ತೆರಡು, ಹೊಟ್ಟೆ ಮುಂದೆ, ಉಸಿರು ಹಿಂದೆ. ಎದುರು ಓಣಿಯ ದಾಯಾದಿ ಗುರುಪಾದಯ್ಯ ತನ್ನ ತಮ್ಮನಿಗೆ ಹೊಸ ಸೊಂಟಪಟ್ಟಿ ಹೊಲಿಸಿಟ್ಟು ಕಾಯುತ್ತಿದ್ದ.

ಚನ್ನಬಸಯ್ಯ ದುರುಗಣ್ಣನನ್ನು ಕರೆಸಿದ.

"ನನ್ನಿಂದ ಆಕೈತೇನು?" ಎಂದು ಕೇಳಿದ.

ದುರುಗಣ್ಣ ಅವನನ್ನು ಕೂರಿಸಿ ಎಬ್ಬಿಸಿದ. ಚನ್ನಬಸಯ್ಯ ಮೊದಲು ಒಂದು ಕೈ ಊರಿದ, ಆಮೇಲೆ ಎರಡೂ ಊರಿದ.

"ಬರೋ ಶ್ರಾವಣದಾಗ ಆಗಂಗಿಲ್ರಿ. ಅದರ ಮುಂದಿಂದಕ್ಕ ಹೊರಿಸ್ತೀನಿ. ಮಾತು ಕೊಟ್ಟೀನ್ರಿ ಸಾವ್ಕಾರ್ರ."

ಮನೆಯಲ್ಲಿ ಸಾವಾದ ವರ್ಷವಾದ್ದರಿಂದ ಆ ಸಲ ಕೋಲನ್ನು ಗುಡಿಯ ಸುತ್ತ ಮಾತ್ರ ಆಡಿಸಿ ಇಟ್ಟರು. ಅಷ್ಟು ಕಾಲ ಸಿಕ್ಕಿತು. ದುರುಗಣ್ಣನ ಮಾತು ಮಾತ್ರ ಅಂಗಡಿಯಿಂದ ಅಂಗಡಿಗೆ ಹೋಯಿತು. ಚನ್ನಬಸಯ್ಯ ಹೊತ್ತರೆ ದುರುಗಣ್ಣ ವಸ್ತಾದ; ಹೊರದಿದ್ದರೆ ಮತ್ತೆ ಪ್ರೆಸ್ಸಿನ ಹಮಾಲ. ಇದು ಅವನಿಗೂ ಗೊತ್ತಿತ್ತು, ಪೇಟೆಗೂ ಗೊತ್ತಿತ್ತು.

ನಾನಾಗ ಮದರಾಸಿನಲ್ಲಿ ಓದುತ್ತಿದ್ದೆ. ರಜೆಗೆ ಬಂದಾಗ ನಸುಕಿನಲ್ಲಿ ಮಾಳಿಗೆಯ ಮೇಲೆ ಕೂರುತ್ತಿದ್ದೆ. ಪಕ್ಕದ ಹಿತ್ತಲು ಅಲ್ಲಿಂದ ಕಾಣುತ್ತಿತ್ತು. ಪೇಟೆಯವರು ನೋಡಿ ನಗಬಾರದೆಂದು ಚನ್ನಬಸಯ್ಯ ಹಿತ್ತಲ ಗೋಡೆಯನ್ನು ಒಂದಾಳು ಮೇಲೆ ಇನ್ನೊಂದಾಳು ಎತ್ತರಕ್ಕೆ ಕಟ್ಟಿಸಿದ್ದ. ನನ್ನ ಪುಸ್ತಕದ ಹಾಳೆಗಳು ಗಾಳಿಗೆ ನಿಲ್ಲುತ್ತಿರಲಿಲ್ಲ. ಕೆಳಗೆ ಹಿತ್ತಲಲ್ಲಿ ಹಗ್ಗದ ಮೇಲಿನ ಧೋತರ ಅಲುಗುತ್ತಿರಲಿಲ್ಲ.

ಚನ್ನಬಸಯ್ಯನ ಹೆಂಡತಿ ವೀರಬಸಮ್ಮ ಹಿತ್ತಲ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತ ಎಲ್ಲವನ್ನೂ ನೋಡುತ್ತಿದ್ದಳು.

"ಸಾವ್ಕಾರ್ರ, ನಿನ್ನಿ ಸಂಜಿಮುಂದ ಏನು ತಿಂದ್ರಿ?" ಎಂದು ದುರುಗಣ್ಣ ಒಂದು ದಿನ ಕೇಳಿದ.

"ಏನಿಲ್ಲ. ಒಂದು ರೊಟ್ಟಿ, ಹಾಲು."

"ಸುಳ್ಳು ಹೇಳಬ್ಯಾಡ್ರಿ. ನಿಮ್ಮ ಬೆವರು ಬಜ್ಜಿ ವಾಸನಿ ಹೊಡಿಯಾಕತ್ತೈತಿ."

"ಅಂಗಡಿಯಾಗ ಮಂಡಕ್ಕಿ ಉಗ್ಗಾಣಿ ತರಿಸ್ಯಾರ, ಮ್ಯಾಲ ಬಜ್ಜಿ," ಎಂದಳು ವೀರಬಸಮ್ಮ ಮೊರದಿಂದ ಕಣ್ಣೆತ್ತದೆ. "ಗುಮಾಸ್ತ ಹೇಳ್ಯಾನ. ತಿಂದು ಕೈ ಹತ್ತಿ ಮೂಟಿಗೆ ಒರೆಸಿಕೊಂಡಾರಂತ."

"ಒಂದ, ಎರಡ ತಿಂದಿದ್ದೆ…"

"ಹಂಗಾರ ಇವತ್ತು ಬಸ್ಕಿ ಬಜ್ಜಿ ಲೆಕ್ಕದಾಗ. ಏಳ್ರಿ ಮ್ಯಾಲ."

ವರ್ಷ ತುಂಬುವುದರೊಳಗೆ ಚನ್ನಬಸಯ್ಯ ಕೈ ಊರದೆ ಏಳುತ್ತಿದ್ದ. ತೊಡೆ ಗಟ್ಟಿಯಾಯಿತು, ಏದುಸಿರು ನಿಂತಿತು. ಇನ್ನು ಕೋಲಿನ ಅಭ್ಯಾಸ. ಗುಡಿಯ ಕೋಲು ಶ್ರಾವಣದ ಹೊರತು ಹೊರಗೆ ಬರುವುದಿಲ್ಲ. ಬಂದರೂ ದುರುಗಣ್ಣ ಅದರ ಬಳಿ ಹೋಗುವಂತಿಲ್ಲ. ಚನ್ನಬಸಯ್ಯನೂ ಅದನ್ನು ಎಂದೂ ಎತ್ತಿರಲಿಲ್ಲ.

"ಎಷ್ಟು ಭಾರ ಐತ್ರಿ ಅದು?"

"ನಮ್ಮಣ್ಣ, ಎತ್ತಿದ ಮ್ಯಾಲ ಏನೂ ಇಲ್ಲ ಅಂತಿದ್ದ."

ಅಷ್ಟನ್ನೇ ಹಿಡಿದು ದುರುಗಣ್ಣ ಅಷ್ಟೇ ಎತ್ತರದ ಬಿದಿರು ತಂದ. ತುದಿಗೆ ಮರಳು ತುಂಬಿದ ಹಿತ್ತಾಳೆ ತಂಬಿಗೆ ಕಟ್ಟಿದ. ದಿನಕ್ಕಿಷ್ಟು ಮರಳು ಹೆಚ್ಚಿಸಿದ. ಚನ್ನಬಸಯ್ಯ ಅದನ್ನು ಸೊಂಟಕ್ಕೆ ಊರಿ ಬಾವಿಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾವಿಗೆ ನಡೆದ. ಆಷಾಢ ಮುಗಿಯುವ ಹೊತ್ತಿಗೆ ತಂಬಿಗೆಯ ಬದಲು ಕೊಡ ಬಂದಿತ್ತು, ಬಿದಿರು ಅಲುಗುತ್ತಿರಲಿಲ್ಲ.

"ಈಗ ಪರವಾಲೇದ್ರಿ," ಎಂದ ದುರುಗಣ್ಣ. ಅಡ್ಡಿಯಿಲ್ಲ ಎಂಬ ಆ ತೆಲುಗು ಮಾತು ಅವನ ಬಾಯಲ್ಲಿ ದೊಡ್ಡ ಹೊಗಳಿಕೆ.

ವೀರಬಸಮ್ಮನೂ ತನ್ನ ಪಾಲಿನದನ್ನು ಮಾಡಿದಳು. ಗಂಡ ಸುಸೂತ್ರವಾಗಿ ಹೊತ್ತರೆ ಹಳೆಯ ಸಣ್ಣ ಪಟದ ಬದಲು ರೇಷ್ಮೆಯ ಪಟ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದಳು. ಮೊದಲೇ ಕೊಟ್ಟರೆ ದೇವರು ಕೈ ಬಿಡುವುದಿಲ್ಲವೆಂದು ಯಾರೋ ಹೇಳಿದರು. ಆ ವರ್ಷವೇ ಕಟ್ಟಿಸಿದಳು: ಸೀರೆಯಷ್ಟು ಅಗಲ, ಸೀರೆಯಷ್ಟು ಉದ್ದ.

ಮೂವತ್ತೊಂಬತ್ತರ ಶ್ರಾವಣದ ಸೋಮವಾರ, ಬೆಳಗಿನ ಬಿಸಿಲಿನಲ್ಲಿ, ಚನ್ನಬಸಯ್ಯ ನಂದಿಕೋಲು ಎತ್ತಿದ. ಗುಡಿಯ ಮುಂದೆ ಬಟ್ಟೆ ಅಂಗಡಿಗಳ ಓಣಿ. ಎರಡೂ ಕಡೆ ಎತ್ತರದ ಮನೆಗಳು. ಅಲ್ಲಿ ಅವನು ಚೆನ್ನಾಗಿ ನಡೆದ. ಕೋಲು ನೆಟ್ಟಗೆ ನಿಂತಿತ್ತು. "ಎಲಾ, ಚಂದ್ರಣ್ಣನ ನಡಿಗಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ದುರುಗಣ್ಣ ಮಂದಿಯ ಅಂಚಿನಲ್ಲಿ, ಚನ್ನಬಸಯ್ಯನ ಕಾಲುಗಳನ್ನು ಮಾತ್ರ ನೋಡುತ್ತ ನಡೆಯುತ್ತಿದ್ದ.

ಓಣಿ ಮುಗಿದಲ್ಲಿ ಹತ್ತಿ ಬಿಡಿಸುವ ಜಿನ್ನಿನ ಬಯಲು. ನಮ್ಮ ಕಡೆ ಶ್ರಾವಣದಲ್ಲಿ ಮಳೆ ಬರುತ್ತದೋ ಇಲ್ಲವೋ, ಪಡುವಣ ಗಾಳಿ ಬಂದೇ ಬರುತ್ತದೆ. ಬಯಲಿಗೆ ಕಾಲಿಟ್ಟೊಡನೆ ರೇಷ್ಮೆಯ ಪಟ ಫಟ್ಟೆಂದು ಬಿಚ್ಚಿ ತುಂಬಿಕೊಂಡಿತು. ಕೋಲಿನ ತುದಿ ಒಂದು ಕಡೆ ಎಳೆಯಿತು. ಕೆಳಗೆ ಚನ್ನಬಸಯ್ಯ ಮೇಲಿನಿಂದ ಬರುವ ಭಾರವನ್ನು ತಡೆಯಲು ಕಲಿತವನು. ಪಕ್ಕಕ್ಕೆ ಎಳೆಯುವುದನ್ನು ತಡೆಯಲು ಯಾರೂ ಕಲಿಸಿರಲಿಲ್ಲ. ಕಾಲು ಅಗಲಿಸಿದ, ಸೊಂಟ ಬಿಗಿದ, ಅಭ್ಯಾಸದಲ್ಲಿ ಮಾಡಿದ್ದನ್ನೆಲ್ಲ ಮಾಡಿದ. ಕೋಲು ಬಾಗುತ್ತಲೇ ಹೋಯಿತು. ಅದು ಬೀಳುವ ಕಡೆ ಜಿನ್ನಿನ ಜಗಲಿಯ ಮೇಲೆ ಹೆಂಗಸರು ಕೂತಿದ್ದರು.

ದುರುಗಣ್ಣ ನುಗ್ಗಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದ. ಕೆಟ್ಟ ಭುಜವನ್ನೇ ಕೊಟ್ಟು ಗಾಳಿಗೆ ಎದುರಾಗಿ ನೂಕಿದ. ಕೋಲು ನಿಂತಿತು.

ಡೊಳ್ಳು ನಿಂತಿತು. ಗುರುಪಾದಯ್ಯ ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡಿದ್ರೆಲ್ಲಾ? ಮುಟ್ಟಿದ. ಇದು ಇನ್ನ ಚನ್ನಬಸಯ್ಯ ಹೊತ್ತಂಗಲ್ಲ."

ಗುಡಿಯ ಹಿರಿಯ ಅಯ್ಯನವರೂ ಹೌದೆಂದರು. ಕೋಲನ್ನು ಇಳಿಸಿ, ನೀರು ಹಾಕಿ ತೊಳೆದು, ಗುರುಪಾದಯ್ಯನ ತಮ್ಮನ ಸೊಂಟಕ್ಕೆ ಕೊಟ್ಟರು. ಅವನು ಪಟ ಸುತ್ತಿಸಿಕೊಂಡು ಮುಂದಕ್ಕೆ ಹೊತ್ತ. ಹಕ್ಕು ಆ ಮನೆಗೆ ಹೋಯಿತು.

ಚನ್ನಬಸಯ್ಯ ಅಲ್ಲೇ, ಅಷ್ಟು ಮಂದಿಯ ಮುಂದೆ, ದುರುಗಣ್ಣನ ಮೇಲೆ ತಿರುಗಿದ. "ನಿನಗ ಮುಟ್ಟು ಅಂತ ಯಾವ ಹೇಳಿದ್ನೋ? ನಾನು ಹಿಡೀತಿದ್ದೆ!"

"ಹಿಡೀತಿದ್ದಿಲ್ರಿ," ಎಂದ ದುರುಗಣ್ಣ.

ಮರುದಿನದಿಂದ ಯಾರ ಮನೆಯಿಂದಲೂ ಅವನಿಗೆ ಕರೆ ಬರಲಿಲ್ಲ. ಜಗಲಿಯ ಮೇಲಿದ್ದ ಹೆಂಗಸರ ಮನೆಗಳಿಂದಲೂ ಬರಲಿಲ್ಲ. ಅವನು ಪ್ರೆಸ್ಸಿಗೆ ಹೋಗಿ ಅಂಡಿಗೆ ಹೊರತೊಡಗಿದ, ಎಡಗಡೆ ಮಾತ್ರ. ಹಮಾಲರು "ವಸ್ತಾದ್ರ, ಈ ಅಂಡಿಗಿಗೂ ಸ್ವಲ್ಪ ಬಸ್ಕಿ ಹೊಡಸ್ರಿ," ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದನಂತೆ. ಆ ಚಳಿಗಾಲವೆಲ್ಲ ಹಾಗೆ ಕಳೆಯಿತು.

ಅವನನ್ನು ಮತ್ತೆ ಕರೆದದ್ದು ಗುರುಪಾದಯ್ಯ. ಕಾರಣ ಸರಳ. ಅವನ ತಮ್ಮ ಉಳಿದರ್ಧ ದಾರಿ ಹೊತ್ತದ್ದು ಪಟ ಸುತ್ತಿಸಿಕೊಂಡು. ಮುಂದಿನ ಶ್ರಾವಣಕ್ಕೆ ಪಟ ಬಿಚ್ಚಿಯೇ ಹೊರಬೇಕು, ಅಯ್ಯನವರು ಹಾಗೆಂದು ಹೇಳಿಬಿಟ್ಟಿದ್ದರು. ವೀರಬಸಮ್ಮನ ಹರಕೆಯ ಪಟವನ್ನು ತೆಗೆಯುವಂತೆಯೂ ಇರಲಿಲ್ಲ. ತಮ್ಮನಿಗೆ ಹೆದರಿಕೆ ಹತ್ತಿತ್ತು.

"ಬರ್ತೀನ್ರಿ," ಎಂದ ದುರುಗಣ್ಣ. "ಆದರ ಹಿತ್ತಲದಾಗ ಕಲಿಸಂಗಿಲ್ಲ. ಜಿನ್ನಿನ ಬಯಲಾಗ, ಮಂದಿ ಮುಂದ. ಬಿದಿರಿನ ತುದಿಗೆ ನಿಮ್ಮ ಮನಿ ಹೆಣ್ಮಕ್ಕಳದು ಒಂದು ದೊಡ್ಡ ಸೀರಿ ಕೊಡ್ರಿ."

"ಸೀರಿ ಯಾಕೋ?"

"ಭಾರ ಕೋಲಿಂದಲ್ಲ ಸಾವ್ಕಾರ್ರ, ಗಾಳಿದು. ಹಿಡಿದ ಕೈಗೆ ಗೊತ್ತಾತು."

ಹೀಗೆ ಬಯಲಿನಲ್ಲಿ ಕಲಿಕೆ ಸುರುವಾಯಿತು. ಜನ ನಿಂತು ನೋಡಿದರು, ನಕ್ಕರು, ಕೆಲವು ದಿನಕ್ಕೆ ನಗುವುದು ಬಿಟ್ಟರು. ಸೀರೆ ತುಂಬಿಕೊಂಡಾಗ ಗಾಳಿಗೆ ಎದುರಾಗಿ ನಿಲ್ಲದೆ, ಅದರ ಜೊತೆಗೆ ಅರ್ಧ ಸುತ್ತು ತಿರುಗಿ ಮತ್ತೆ ಮುಂದೆ ಹೆಜ್ಜೆ ಇಡುವುದನ್ನು ದುರುಗಣ್ಣ ಕಲಿಸಿದ. ನಾನು ಬೇಸಿಗೆಯ ರಜೆಯಲ್ಲಿ ಬಂದಾಗ ತಮ್ಮನ ಸೊಂಟ ಆ ತಿರುವಿಗೆ ಒಗ್ಗಿತ್ತು. ಶ್ರಾವಣದಲ್ಲಿ ಅವನು ಕಟ್ಟೆಯವರೆಗೆ ಹೊತ್ತ. ಬಯಲಿನಲ್ಲಿ ಎರಡು ಸಲ ತಿರುಗಿದ. ಮಂದಿ ಅದನ್ನು ಕುಣಿತವೆಂದು ತಿಳಿದು ಕೇಕೆ ಹಾಕಿದರು.

ಕೋಲು ಕಟ್ಟೆ ಮುಟ್ಟಿದ ವಾರದಲ್ಲಿ ದುರುಗಣ್ಣ ಹಳೆಯ ಬಿದಿರು ಕೇಳಲು ಚನ್ನಬಸಯ್ಯನ ಹಿತ್ತಲ ಬಾಗಿಲಿಗೆ ಬಂದ. ವರ್ಷದಿಂದ ಅದು ಬಾವಿಯ ಬಳಿ ಬಿದ್ದಿತ್ತು. ಹಬ್ಬಕ್ಕೆಂದು ಊರಿಗೆ ಬಂದಿದ್ದ ನಾನು ಮಾಳಿಗೆಯ ಮೇಲಿದ್ದೆ, ಮಾತು ಕೇಳಿಸಿತು.

"ಒಯ್ಯಪಾ," ಎಂದಳು ವೀರಬಸಮ್ಮ. "ಬಿದಿರು ಒಯ್ಯಿ, ಕೊಡ ಒಯ್ಯಿ. ಇವರ್ನೂ ಒಯ್ದರ ಪುಣ್ಯ ಬರ್ತೈತಿ. ಗಾದಿ ಮ್ಯಾಲ ಕುಂತು ಮತ್ತ ಬಜ್ಜಿ ತಿನ್ನಾಕತ್ಯಾರ."

"ಕರೀಲಾರದ ಮನಿಗೆ ನಾ ಹೆಂಗ ಬರ್ಲಿ ಅಮ್ಮಾರ? ಅವರ ಬಾಯಿಲೆ ಬರ್ಲಿ."

ಒಳಗಿನಿಂದ ಚನ್ನಬಸಯ್ಯನ ದನಿ ಬಂತು: "ಬಿದಿರು ಅಲ್ಲೇ ಇರ್ಲಿ ಅನ್ನು. ನಾಳಿಗೆ ನಸಿಕಿನ್ಯಾಗ ಬಾ ಅನ್ನು."

"ಬರ್ತಾನ," ಎಂದಳು ವೀರಬಸಮ್ಮ ಒಳಮುಖವಾಗಿ. "ಬಜ್ಜಿ ತಟ್ಟಿ ಕೆಳಗ ಇಡ್ರಿ."

ಚನ್ನಬಸಯ್ಯ ಮತ್ತೆಂದೂ ನಂದಿಕೋಲು ಹೊರಲಿಲ್ಲ. ಹಕ್ಕು ತಿರುಗಿ ಬರಲಿಲ್ಲ. ಆದರೆ ದುರುಗಣ್ಣ ಯುದ್ಧದ ವರ್ಷಗಳುದ್ದಕ್ಕೂ ಎರಡೂ ಮನೆಗೆ ಹೋದ, ಆಮೇಲೆ ಬೇರೆ ಮನೆಗಳಿಗೂ ಹೋದ. ಪ್ರೆಸ್ಸಿನ ಕಡೆ ಮತ್ತೆ ಕಾಲಿಡಲಿಲ್ಲ. ಪೇಟೆಯಲ್ಲಿ ಅವನನ್ನು ವಸ್ತಾದ ಎಂದೇ ಕರೆಯುತ್ತಿದ್ದರು.

ಒಮ್ಮೆ ಅಯ್ಯನವರು ಅವನನ್ನು ನಿಲ್ಲಿಸಿ ಎಚ್ಚರಿಸಿದರು: "ಕಲಿಸೋದು ಕಲಿಸು. ಕೋಲು ಮಾತ್ರ ಇನ್ನ ಮುಟ್ಟಬ್ಯಾಡ."

"ಇಲ್ಲ ಬುದ್ಧಿ," ಎಂದ ದುರುಗಣ್ಣ. "ಒಂದ್ಸಲ ಮುಟ್ಟೀನಿ. ಕಲಿಸಾಕ ಅಷ್ಟ ಸಾಕು."