ಸಾಲು ತಪ್ಪಿಸಿದವನ ಫಜೀತಿ

ಸಾಲಿನಲ್ಲಿ ನಿಲ್ಲುವ ತಾಳ್ಮೆಯನ್ನು ದೇವರು ನನಗೆ ಕೊಡಲಿಲ್ಲ. ಎರಡು ಸಾಲುಗಳಿದ್ದರೆ ನಾನು ನಿಂತದ್ದೇ ನಿಧಾನ. ಬೇಸತ್ತು ಪಕ್ಕದ್ದಕ್ಕೆ ಹಾರಿದೆನೋ, ಬಿಟ್ಟು ಬಂದ ಸಾಲಿಗೆ ಕಾಲು ಬರುತ್ತವೆ. ಹಾಗಾಗಿ ಜೇವರ್ಗಿ ಕಾಲೋನಿಯ ಕಣ್ಣಿನ ಆಸ್ಪತ್ರೆಯವರು ಮೊಬೈಲಿನಲ್ಲೇ ಪಾಳಿ ಕಾಯ್ದಿರಿಸುವ ವ್ಯವಸ್ಥೆ ತಂದಾಗ, ಅದು ನನ್ನಂಥವರ ಉದ್ಧಾರಕ್ಕೇ ಬಂದ ಅವತಾರವೆಂದುಕೊಂಡೆ.

ಕಮಲಾಪುರದಿಂದ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಪೊರೆ ಬಂದ ಕಣ್ಣು ತೋರಿಸಲು ಬಂದಿದ್ದಳು. "ಕಾಯೋ ಮಾತೇ ಇಲ್ಲ ನೋಡು" ಎಂದು ಜಂಬದಿಂದ ಕರೆದೊಯ್ದೆ. ಹಾಗೆಯೇ ಆಯಿತು. ಹೋದೆವು, ಒಳಗೆ ಕರೆದರು, "ಆಪರೇಷನ್ ಮಾಡಬೇಕ್ರಿ" ಎಂದರು ಡಾಕ್ಟರು, ಹೊರಬಂದೆವು. ಚಪ್ಪಲಿ ಮೆಟ್ಟುತ್ತಲೇ ಚಿಗವ್ವ ತೀರ್ಪು ಕೊಟ್ಟಳು.

"ಕಣ್ಣಾಗ ಕತ್ತರಿ ಹಾಕಸ್ಕೊಳ್ಳಾಕ ನನಗೇನು ಹುಚ್ಚು ಹಿಡದಾದೇನು? ಬಸ್ಸಿಗಿ ಹತ್ತಸು ನನಗ."

ಮುಂದೆ ಬಂಧುಗಳ ಮನೆಯ ತೊಟ್ಟಿಲ ಕಾರ್ಯದಲ್ಲಿ ಅವಳು ಕೂಸನ್ನು ಬಿಟ್ಟು ದಿಂಬಿಗೆ ಆಶೀರ್ವಾದ ಮಾಡಿದಳು. ನೆರೆದವರು ನಕ್ಕರು, ಅವಳೂ ನಕ್ಕಳು. ಆದರೆ ಆಮೇಲೆ ಮೂಲೆಯಲ್ಲಿ ಕುಳಿತು ಸೆರಗಿನಿಂದ ಮತ್ತೆ ಮತ್ತೆ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ. ಹೇಗೋ ಪುಸಲಾಯಿಸಿ ಮತ್ತೆ ಆಸ್ಪತ್ರೆಗೆ ಹೊರಡಿಸಿದೆ.

ಆ ದಿನವೇ ಮೊಬೈಲಿನ ಆ ಅವತಾರಕ್ಕೆ ಗ್ರಹಣ ಹಿಡಿಯಬೇಕೆ? "ಸರ್ವರ್ ಬಂದ್ ಅದರಿ, ಎಲ್ಲರೂ ಕುಂಡ್ರಿ" ಎಂದಳು ಕೌಂಟರಿನ ಹುಡುಗಿ. ಬೆಂಚುಗಳು ತುಂಬಿದ್ದವು. ಹೀಗೆ ಬಹಳ ಹೊತ್ತು ಕೂತರೆ ಚಿಗವ್ವ ಮನಸ್ಸು ಬದಲಿಸಿ ಎದ್ದೇಬಿಡುತ್ತಾಳೆಂದು ನಾನು ಚಡಪಡಿಸಿದೆ. ಅವಳೋ ಪಕ್ಕದಲ್ಲಿದ್ದ ಕಪ್ಪು ಕನ್ನಡಕದ ಕುಸನೂರಿನ ಹೆಂಗಸಿನೊಂದಿಗೆ ಮಾತಿಗಿಳಿದಿದ್ದಳು. ಆಕೆ ಒಂದು ಕಣ್ಣಿನ ಆಪರೇಷನ್ ಮುಗಿಸಿ, ಇನ್ನೊಂದಕ್ಕೆ ಬಂದಿದ್ದಳು.

"ಭಾಳ ತ್ರಾಸ ಆಯ್ತೇನ್ರಿ?" ಚಿಗವ್ವನ ದನಿ ಸಣ್ಣಗಿತ್ತು.

"ಇರಿವಿ ಕಡದಷ್ಟೂ ಆಗಲಿಲ್ಲರಿ. ನಾನೂ ಹಿಂಗೇ ಅಂಜಿದ್ದೆ. ಮನಿಗಿ ಹೋಗಿ ನೋಡಿದ್ರ, ಸೊಸಿ ತೊಳದಿಟ್ಟ ಭಾಂಡ್ಯಾನ ಜಿಡ್ಡೆಲ್ಲ ಕಾಣಾಕತ್ತಿತ್ತು."

ತನಗೂ ಸೊಸೆಯಿದ್ದ ಚಿಗವ್ವ ನೆಟ್ಟಗೆ ಕುಳಿತಳು. ಮುಂದಿನ ಮಾತು ಪಿಸುಗುಟ್ಟುವಿಕೆಯಲ್ಲಿ ನಡೆದದ್ದರಿಂದ ನನಗೆ ಕೇಳಿಸಲಿಲ್ಲ. ಇಬ್ಬರೂ ಕೈ ಕೈ ಹಿಡಿದುಕೊಂಡದ್ದಷ್ಟೇ ಕಾಣಿಸಿತು. ಪಾಳಿ ಬಂದಾಗ ಡಾಕ್ಟರು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು, "ಯಾವಾಗ ಮಾಡ್ತೀರಿ?"

ಪಟ್ಟಿ ಬಿಚ್ಚಿದ ದಿನ ನನ್ನನ್ನು ದಿಟ್ಟಿಸಿ, "ಏ ತಮ್ಮಾ, ನೀ ಯಾವಾಗ ಇಷ್ಟು ಮುದುಕ ಆದಿ?" ಎಂದಳು. ಆಪರೇಷನ್ನು ಚೆನ್ನಾಗಿಯೇ ಆಗಿತ್ತು.

ಡಾಕ್ಟರು ಎರಡೂ ಸಲ ಹೇಳಬೇಕಾಗಿದ್ದದ್ದು ಒಂದೇ ಮಾತು. ಮೊದಲ ಸಲ ಅದಕ್ಕೆ ಧೈರ್ಯ ತಂದುಕೊಳ್ಳಲು ನಾನು ಅವಳಿಗೆ ಪುರಸೊತ್ತು ಕೊಟ್ಟಿರಲಿಲ್ಲ, ಅಷ್ಟೆ.

ಎರಡನೆಯ ಕಣ್ಣಿನ ದಿನ ಅವಳು ನಸುಕಿನಲ್ಲೇ ಸೀರೆಯುಟ್ಟು ನಿಂತಿದ್ದಳು. ಇಷ್ಟು ಅವಸರ ಯಾಕೆಂದು ಕೇಳಿದೆ.

"ಲಗೂನೇ ಹೋಗಿ ಕುಂಡ್ರೋಣು ನಡಿ. ಯಾರರೇ ಅಂಜಿಕೊಂಡು ಬಂದಿರ್ತಾರ."