ಮೂರು ಊರಿನ ಬೆನ್ನಿನ ಡಾಕ್ಟರು

ವಾಮನ ಡಾಕ್ಟರಿಗೆ ಭಟ್ಕಳ, ಹೊನ್ನಾವರ, ಕುಮಟೆಯ ಅದೆಷ್ಟೋ ಹೆಂಗಸರ ಬೆನ್ನು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಹೆರಿಗೆ ಆಪರೇಶನ್ನಿಗೆ ಮೊದಲು ಬೆನ್ನಿಗೆ ಸೂಜಿ ಹಾಕಿ ಅರಿವಳಿಕೆ ಕೊಡುವುದು ಅವರ ಕೆಲಸ. ಆಮೇಲೆ ಎಲ್ಲ ಮುಗಿಯುವ ತನಕ ತಲೆದೆಸೆಯಲ್ಲಿ ಕೂತಿರುತ್ತಿದ್ದರು. ಅಲ್ಲಿಂದ ಮುಖ ಕಂಡರೂ ಕಾಣುವುದು ತಲೆಕೆಳಗಾಗಿ. ಕುಮಟೆಯ ಮೀನುಪೇಟೆಗೆ ಅವರು ಕಾಲಿಟ್ಟರೆ ಮೀನು ಮಾರುವವಳೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು.

“ಎಂತ ಡಾಕ್ಟ್ರೇ, ಗುರ್ತ ಸಿಕ್ಕಲಿಲ್ವಾ? ನನ್ನ ಎರಡೂ ಹೆರಿಗೆಗೆ ನೀವೇ ಸೂಜಿ ಹಾಕದ್ದು!”

“ಸ್ವಲ್ಪ ಆಚೆ ತಿರುಗಿ ನಿಲ್ಲು ಮಾರಾಯ್ತಿ, ಕಂಡು ಹೇಳ್ತೆ.”

ಪೇಟೆಗೆ ಪೇಟೆಯೇ ನಗುತ್ತಿತ್ತು. ಅವರ ಚೀಲಕ್ಕೆ ನಾಲ್ಕು ಬಂಗಡೆ ಹೆಚ್ಚಿಗೆ ಬೀಳುತ್ತಿತ್ತು.

ನಾನು ಕುಮಟೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಮೂರು ಊರಿನಲ್ಲೂ ಹೊಟ್ಟೆ ಕೊಯ್ದು ಮಗು ತೆಗೆಯುವ ಡಾಕ್ಟರುಗಳಿದ್ದರು, ಥಿಯೇಟರುಗಳಿದ್ದವು. ಅರಿವಳಿಕೆ ಕೊಡುವವರು ಮಾತ್ರ ಇವರೊಬ್ಬರೇ. ಅದಕ್ಕೇ ನಡುವಿನ ಹೊನ್ನಾವರದಲ್ಲಿ ಮನೆ ಮಾಡಿದ್ದರು. ಅತ್ತಲಿಂದ ಫೋನು ಬಂದರೆ ಅತ್ತ, ಇತ್ತಲಿಂದ ಬಂದರೆ ಇತ್ತ. ಊಟವೆಲ್ಲ ಕಾರಿನಲ್ಲೇ. ಸ್ಟೇರಿಂಗಿನ ಮೇಲೆ ಅನ್ನದ ಅಗುಳು ಒಣಗಿ ಅಂಟಿರುತ್ತಿತ್ತು.

ಸೂಜಿ ಹಾಕುವ ಮೊದಲು ಎರಡೂ ಅಂಗೈ ತಿಕ್ಕಿ ಬಿಸಿ ಮಾಡಿಕೊಳ್ಳುವರು. “ತಣ್ಣನೆ ಕೈ ತಾಗಿದ್ರೆ ಅರ್ಧ ಜೀವ ಅಲ್ಲೇ ಹೋಗ್ತದೆ” ಎಂದು ನನಗೆ ಕಲಿಸಿದ್ದೂ ಅವರೇ. ಆಮೇಲೆ ಮೇಜಿನ ಮೇಲೆ ನಡುಗುತ್ತ ಕೂತವಳಿಗೆ ಹೇಳುವರು: “ಶೆಟ್ಲಿ ಮೀನು ಬಗ್ಗಿ ಇರೂದು ಕಂಡಿದ್ಯಲ್ಲ? ಹಾಂಗೆ ಬಗ್ಗು. ಗದ್ದ ಎದೆಗೆ ತಾಗ್ಲಿ. ಹಾಂ, ಆತು ಆತು, ಮುಗೀತು.” ಮುಗಿದಿರುತ್ತಿರಲಿಲ್ಲ, ಆಗಷ್ಟೇ ಶುರುವಾಗಿರುತ್ತಿತ್ತು. ಆದರೂ ಆ ಸುಳ್ಳಿಗೆ ಹೆಂಗಸರ ಭುಜ ಇಳಿಯುವುದನ್ನು ನಾನೇ ನೋಡಿದ್ದೇನೆ.

ನೋವು ಎಂದರೆ ಅವರಿಗೆ ಸಿಟ್ಟು. ನೋವು ತಿನ್ನುವುದು ತಾಯಿಯ ಪುಣ್ಯ ಎಂದು ಯಾರಾದರೂ ಅಂದರೆ ಇನ್ನೂ ಸಿಟ್ಟು. ಒಮ್ಮೆ ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಅತ್ತೆಯಮ್ಮ, ಸೊಸೆಗೆ ನೋವಿಲ್ಲದ ಹೆರಿಗೆಯ ಸೂಜಿ ಬೇಡವೇ ಬೇಡ ಎಂದು ಬಾಗಿಲಿಗೆ ಅಡ್ಡ ನಿಂತಳು. “ನಾವೆಲ್ಲ ಹೆರ್ಲಿಲ್ವಾ? ನೋವು ತಿನ್ನದೇ ಹೆತ್ತ ಮಗಿನ ಮೇಲೆ ಪ್ರೀತಿ ಹೇಗೆ ಬರ್ತದೆ?”

ಡಾಕ್ಟರು ಅವಳ ಬಾಯಲ್ಲಿ ಹಲ್ಲು ಹೋದ ಜಾಗ ನೋಡಿದರು. “ಅಮ್ಮ, ಆ ಹಲ್ಲು ಕೀಳಿಸುವಾಗ ಸೂಜಿ ಹಾಕಿಸ್ಕಂಡ್ರಾ?”

“ಹಾಕಿಸ್ಕಣದೇ ಮತ್ತೆ?”

“ಹಾಂಗಾದ್ರೆ ಉಳಿದ ಹಲ್ಲಿನ ಮೇಲೆ ಪ್ರೀತಿ ಕಡ್ಮೆ ಆತಾ?”

ಅತ್ತೆಯಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ದಾರಿ ಬಿಟ್ಟಳು. ಆದರೆ ಅಂಥ ಹೆರಿಗೆಗೆ ಸೂಜಿ ಹಾಕಿದವರು ಗಂಟೆಗಟ್ಟಲೆ ಹತ್ತಿರವೇ ಇರಬೇಕು. ಸೂಜಿ ಹಾಕುವ ಮೊದಲೇ ಭಟ್ಕಳದಿಂದ ಆಪರೇಶನ್ನಿನ ಕರೆ ಬಂತು. ಡಾಕ್ಟರು ಚೀಲ ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಆ ಸೊಸೆಯ ತಲೆ ಸವರಿ, “ತಪ್ಪಾತು ಮಗಾ” ಎಂದು ಹೋದರು. ಅವಳು ಸೂಜಿಯಿಲ್ಲದೇ ಹೆತ್ತಳು. ಅವಳ ಕೂಗು ಮೆಟ್ಟಿಲಿಳಿಯುವ ತನಕ ಅವರ ಕಿವಿಗೆ ಬಿದ್ದಿರಬೇಕು.

ಇನ್ನು ಸವಿತಾಳ ವಿಷಯ. ಹಿರೇಗುತ್ತಿಯವಳು. ಮೊದಲನೆಯದು ಆಪರೇಶನ್ ಆಗಿತ್ತು, ವಾಮನ ಡಾಕ್ಟರದೇ ಸೂಜಿ. ಎರಡನೆಯದಕ್ಕೆ ಒಂದು ಮಧ್ಯಾಹ್ನ ಬಂದಾಗ ಗರ್ಭಕೋಶದ ಹಳೆಯ ಹೊಲಿಗೆಯ ಜಾಗ ಬಿಡತೊಡಗಿದೆ ಎಂದು ನಮ್ಮ ಡಾಕ್ಟರಮ್ಮನಿಗೆ ಅನುಮಾನ ಬಂತು. ಕೂಡಲೇ ಆಪರೇಶನ್ ಆಗಬೇಕು. ನಾನು ಫೋನು ಮಾಡಿದೆ. ಅವರು ಭಟ್ಕಳದಲ್ಲಿದ್ದರು. “ಇಲ್ಲಿ ಹೊಲಿಗೆ ಹಾಕ್ತಾ ಇದ್ದಾರೆ. ಮುಗಿದ ಕೂಡ್ಲೆ ಹೊರಡ್ತೆ, ತಯಾರಿ ಮಾಡಿಡು” ಎಂದರು. ಸ್ವಲ್ಪ ಹೊತ್ತಿಗೆ “ಹೊರಟೆ” ಎಂದು ಮೆಸೇಜೂ ಬಂತು. ಅಷ್ಟರಲ್ಲಿ ಸವಿತಾಳ ನಾಡಿ ಓಡತೊಡಗಿತು. “ಕಾಯುವುದು ಬೇಡ, ಉಡುಪಿ ಕಡೆ ದೊಡ್ಡ ಆಸ್ಪತ್ರೆಗೆ ಕಳಿಸುವ, ನೀನೂ ಆಂಬುಲೆನ್ಸ್ ಹತ್ತು” ಎಂದರು ಡಾಕ್ಟರಮ್ಮ. ಹತ್ತಿದೆ.

ದಾರಿಯಲ್ಲಿ ಮೂರು ಸಲ ಫೋನು ಕೈಗೆ ತೆಗೆದುಕೊಂಡೆ. ನನ್ನನ್ನು ಸಾಕಿದವಳು ಅಘನಾಶಿನಿಯ ಅಜ್ಜಿ. ಬನ್ನಿ ಎಂದು ಕರೆದವರನ್ನು ಅರ್ಧ ದಾರಿಯಲ್ಲಿ ಬೇಡ ಎನ್ನಬಾರದು, ಅದಕ್ಕಿಂತ ದೊಡ್ಡ ಅವಮಾನವಿಲ್ಲ ಎಂದು ಹೇಳಿ ಬೆಳೆಸಿದವಳು. ಉಣ್ಣದೇ ಓಡಿ ಬರುತ್ತಿರುವ ಮನುಷ್ಯನಿಗೆ ನೀವು ಬೇಡ, ತಿರುಗಿ ಹೋಗಿ ಎಂದು ಯಾವ ಬಾಯಲ್ಲಿ ಹೇಳಲಿ? ಬಂದಮೇಲೆ ಡಾಕ್ಟರಮ್ಮ ಚಾ ಕೊಟ್ಟು ಸಮಾಧಾನ ಹೇಳುತ್ತಾರೆ ಎಂದುಕೊಂಡೆ. ಮೂರು ಸಲವೂ ಫೋನು ಕಿಸೆಗೆ ಹಾಕಿದೆ.

“ಅಕ್ಕಾ, ಸೂಜಿ ಡಾಕ್ಟ್ರು ಬಂದ್ರಾ? ಹಾಕೂಕೆ ಹೇಳಿ ಅಕ್ಕಾ” ಎಂದು ಸವಿತಾ ಹಲ್ಲು ಕಚ್ಚಿಕೊಂಡು ಕೇಳುತ್ತಲೇ ಇದ್ದಳು.

“ಬರ್ತಾ ಇದ್ದಾರೆ” ಎಂದೆ.

ಶರಾವತಿ ಸೇತುವೆ ದಾಟಿ ಕಾಸರಕೋಡಿಗೆ ಬಂದಾಗ ಕಿಟಕಿಯಲ್ಲಿ ಅವರು ಕಂಡರು. ನಮ್ಮ ಸೈರನ್ ಕೇಳಿ ಕಾರು ಬದಿಗೆ ಹಾಕಿ, ಇಳಿದು, ನಡುರಸ್ತೆಯಲ್ಲಿ ನಿಂತು, ಎದುರಿನ ಲಾರಿಗಳನ್ನೆಲ್ಲ ಎರಡೂ ಕೈಯಿಂದ ಆಚೆಗೆ ಸರಿಸಿ ನಮಗೆ ದಾರಿ ಮಾಡಿಕೊಡುತ್ತಿದ್ದರು. ನನಗೆ ನಾಚಿಕೆಯಾಯಿತು. ನನ್ನ ಮುಖ ಕಾಣಬಾರದೆಂದು ತಲೆ ತಗ್ಗಿಸಿದೆ.

ತಲೆ ಎತ್ತಿದ್ದು ಮಂಕಿಯಲ್ಲಿ. ಆಗ ಹೊಳೆಯಿತು. ಕಾಸರಕೋಡಿನಿಂದ ಹಿಂದೆ ಐದು ನಿಮಿಷದಲ್ಲಿ ಹೊನ್ನಾವರ. ಅಲ್ಲಿ ಥಿಯೇಟರು ಇತ್ತು, ಕೊಯ್ಯುವವರೂ ಇದ್ದರು. ಇಲ್ಲದವರು ಒಬ್ಬರೇ, ಅವರು ಚೀಲ ಸಮೇತ ರಸ್ತೆಯಲ್ಲಿ ನಿಂತಿದ್ದರು. ನಿಲ್ಲಿಸಿ ಎಂದು ಒಂದು ಮಾತು ಸಾಕಿತ್ತು. ಈಗ ಫೋನು ಮಾಡಿದೆ. ಕಾರು ಓಡಿಸುವಾಗ ಅವರು ಫೋನು ಮುಟ್ಟುವವರಲ್ಲ. ಗಾಡಿ ತಿರುಗಿಸಿದರೂ ಅವರು ಯಾವ ಊರು ಮುಟ್ಟಿರುತ್ತಾರೋ. ಡ್ರೈವರ್ ಮುಂದೆಯೇ ಓಡಿಸಿದ. ಬೈಂದೂರಿನ ಹತ್ತಿರ ಸವಿತಾಳ ಕೈ ನನ್ನ ಕೈಯೊಳಗೇ ಸಡಿಲವಾಯಿತು. ಮಗುವೂ ಉಳಿಯಲಿಲ್ಲ.

ಇತ್ತ ವಾಮನ ಡಾಕ್ಟರು ಕುಮಟೆಗೆ ಬಂದವರೇ ಯಾರನ್ನೂ ಕೇಳದೆ ಥಿಯೇಟರಿಗೆ ನುಗ್ಗಿ, ಕೈ ತೊಳೆದು, ಮದ್ದು ಸಿರಿಂಜಿಗೆ ಎಳೆದುಕೊಂಡು ಖಾಲಿ ಮೇಜಿನ ಹತ್ತಿರ ನಿಂತಿದ್ದರಂತೆ. ಸವಿತಾಳನ್ನು ಕಳಿಸಿಯಾಯಿತು ಎಂದು ಅವರಿಗೆ ಹೇಳುವ ಧೈರ್ಯ ಅಲ್ಲಿಯೂ ಯಾರಿಗೂ ಬಂದಿರಲಿಲ್ಲ.

ಮರುದಿನ ನನ್ನನ್ನು ಕೇಳಿದರು: “ಕಾಸರಕೋಡಲ್ಲಿ ನನ್ನ ಗಾಡಿ ನಿಂಗೆ ಕಂಡಿತ್ತಾ?”

“ಇಲ್ಲ ಸರ್.”

“ಹೌದು. ಕಂಡಿದ್ರೆ ನೀನು ನಿಲ್ಲಿಸ್ತಿದ್ದೆ.” ಅಷ್ಟೇ ಅಂದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಅವರಿಗೊಂದು ಹುಚ್ಚು ಹಿಡಿಯಿತು. ಹೆದ್ದಾರಿಯಲ್ಲಿ ಯಾವ ಆಂಬುಲೆನ್ಸ್ ಬಂದರೂ ಕೈ ಅಡ್ಡ ಹಿಡಿದು, “ಒಳಗೆ ಬಸುರಿ ಇದ್ದಾಳಾ?” ಎಂದು ಕೇಳುವರು. ಡ್ರೈವರುಗಳು ಮೊದಮೊದಲು ನಿಲ್ಲಿಸಿದರು, ಆಮೇಲೆ ನಗಾಡಿದರು, ಕೊನೆಗೆ ಬೈದರು. ಒಂದು ದಿನ ಅವರು ನಿಲ್ಲಿಸಿದ ಗಾಡಿಯಲ್ಲಿ ಯಾರದೋ ಅಜ್ಜನ ಹೆಣ ಇತ್ತು. ಮನೆಯವರು ಇಳಿದು ಅವರ ಅಂಗಿ ಹಿಡಿದು ಎಳೆದರು. ಅಂದಿನಿಂದ ಕಾರು ಹೊರಗೆ ತೆಗೆಯಲಿಲ್ಲ. ಅವರ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಈಗ ಸವಿತಾಳಂಥ ಬಸುರಿಯರು ಬಂದರೆ ನಾವು ಕಾಯುವುದೇ ಇಲ್ಲ, ನೇರ ಗಾಡಿ ಹತ್ತಿಸುತ್ತೇವೆ. ಕೆಲವರು ಮುಟ್ಟುತ್ತಾರೆ.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಹೇಳದೇ ಬಂದರೆ ಮತ್ತೆ ಹೇಳಲಾಗದು ಎಂದು ಗೊತ್ತಿತ್ತು.

“ಸರ್, ಅವತ್ತು ನಿಮ್ಮನ್ನು ಕಂಡಿದ್ದೆ” ಎಂದೆ. “ಕಂಡು ತಲೆ ತಗ್ಗಿಸಿದೆ.”

ಅವರು ಕೇಳಿದರು: “ಅವಳಿಗೆ ನೋವಿತ್ತಾ?”

ಎರಡನೇ ಸಲ ಸುಳ್ಳು ಹೇಳಲಾಗಲಿಲ್ಲ. “ಇತ್ತು.”

“ಎಲ್ಲಿಯ ತನಕ?”

“ಬೈಂದೂರಿನ ತನಕ.”

ಅವರು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೇನೋ ಎಂದು ಬಗ್ಗಿ ಕಿವಿಗೊಟ್ಟೆ. “ಮಂಕಿ... ಮುರ್ಡೇಶ್ವರ... ಶಿರಾಲಿ... ಭಟ್ಕಳ...” ಒಂದೊಂದು ಊರಿಗೂ ನಿಂತು, ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಶಿರೂರು ಬಂತು. ಬೈಂದೂರು ಬರುವುದರೊಳಗೆ ನಾನು ಎದ್ದು ಹೊರಗೆ ಬಂದೆ.