ಜನರನ್ನು ಎಣಿಸಿ ಮದ್ದು ಹಾರಿಸಿದವರು

ಸುಟ್ಟ ಸುಣ್ಣದ ಕಲ್ಲಿನ ಮೇಲೆ ನೀರು ಸುರಿದೊಡನೆ ಏಳುವ ಬಿಸಿಯಾದ, ಮೂಗು ಚುರುಗುಟ್ಟಿಸುವ ವಾಸನೆಯೇ ಮುಧೋಳದ ನನ್ನ ಬಾಲ್ಯದ ವಾಸನೆ. ದೀಪಾವಳಿಗೆ ಮುಂಚೆ ಅವ್ವ ಹಳೆಯ ಹರವಿಯಲ್ಲಿ ಸುಣ್ಣ ನೆನೆಹಾಕುತ್ತಿದ್ದಳು. ಆ ಕಲ್ಲನ್ನು ಒಡೆದು ತರುವವರು ಯಾರೆಂದು ನನಗೆ ತಿಳಿದದ್ದು ಮುಂದೆ ಗಣಿಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದಾಗ. ನಮ್ಮ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಸಣ್ಣ ಗಣಿಗಳನ್ನು ದಕ್ಷತೆಯಿಂದ ನಡೆಸಿದವರು ಹಲವರಿದ್ದಾರೆ. ಗಣಿಯ ಸುತ್ತಲಿನ ಹೊಲದವರನ್ನೂ ತಮ್ಮವರೆಂದೇ ತಿಳಿದು ನಡೆಸಿದವರಲ್ಲಿ ಶ್ರೀ ಗಿರಮಲ್ಲಪ್ಪ ಹುನ್ನೂರ ಅವರ ಹೆಸರನ್ನು ನಾನು ಮೊದಲು ಹೇಳುತ್ತೇನೆ.

ಹುನ್ನೂರಿನ ಕುರಿಗಾರರ ಮನೆತನದಲ್ಲಿ ಹುಟ್ಟಿ, ಗಣಿ ಡಿಪ್ಲೊಮಾ ಮುಗಿಸಿದ ಅವರು ಮೂವತ್ತಾರು ವರ್ಷ ಸೇವೆ ಸಲ್ಲಿಸಿದ್ದಾರೆ. ಮೊದಲ ಹತ್ತು ವರ್ಷ ಮುಧೋಳದ ಕಡೆ ಇದ್ದರು. ಆಮೇಲೆ ಬೀಳಗಿಯಿಂದ ಬಹಳ ಒಳಗೆ, ದಿನಕ್ಕೊಂದೇ ಬಸ್ಸು ಬರುವ ಗುಡ್ಡದ ಬುಡದ ನಮ್ಮ ಗಣಿಗೆ ವ್ಯವಸ್ಥಾಪಕರಾಗಿ ಬಂದರು. ಅಲ್ಲಿ ಕೆಲವರು ಕಬ್ಬಿನ ಸಾಲುಗಳ ನಡುವೆ ಗುಟ್ಟಾಗಿ ಗಾಂಜಾ ಬೆಳೆಯುತ್ತಿದ್ದರು. ಹೊಸಬರ ಜೀಪು ಕಂಡರೆ ಅವರಿಗೆ ಪೊಲೀಸರದೇ ಅನುಮಾನ. ಹಿಂದಿನ ವ್ಯವಸ್ಥಾಪಕರು ಜೀಪಿಗೆ ಕಲ್ಲು ಬಿದ್ದ ಮೇಲೆ ಆರೇ ತಿಂಗಳಿಗೆ ಊರು ಬಿಟ್ಟಿದ್ದರು. ಇವರು ಜೀಪನ್ನೇ ಬಿಟ್ಟು, ಬದುಗಳ ಮೇಲೆ ನಡೆದು ಮನೆಮನೆಯವರ ಹೆಸರು ಕಲಿತರು.

ಅವರದೊಂದು ಪದ್ಧತಿಯಿತ್ತು. ಬಂಡೆ ಒಡೆಯಲು ಸಿಡಿಮದ್ದು ಹಾರಿಸುವ ದಿನ ಸುತ್ತಲಿನ ಹೊಲದವರೆಲ್ಲ ಕಚೇರಿಯ ಮುಂದಿನ ಬೇವಿನ ಮರದಡಿ ಸೇರಬೇಕು, ಚಹಾ ಕುಡಿಯಬೇಕು. ಇವರು ಮನೆವಾರು ತಲೆ ಎಣಿಸಿದ ಮೇಲೆಯೇ ಸೈರನ್. ನಮ್ಮಲ್ಲಿ ಕಲ್ಲು ಆರಿಸುತ್ತಿದ್ದ ಮರೆವ್ವನ ಕೂಸು ಮಲಗಿದ್ದರೆ ಬೆಚ್ಚಬಾರದೆಂದು ಸೈರನ್‌ಗಿಂತ ಮೊದಲೇ ಅವಳಿಗೆ ಹೇಳಿಕಳಿಸುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಈ ಪದ್ಧತಿ ಒಂದು ಜೀವ ಉಳಿಸಿತು. ಆ ವಾರವಷ್ಟೇ ಮಾಲಕರು ಎಲ್ಲರಿಗೂ ಖಾಕಿ ಅಂಗಿ ಹೊಲಿಸಿಕೊಟ್ಟಿದ್ದರು. ಎಚ್ಚರಿಕೆಯ ಕೆಂಪು ಬಾವುಟ ಹಿಡಿಯುವ ಕಾಮಣ್ಣ ಅದನ್ನೇ ತೊಟ್ಟು ಹೊಲದವರನ್ನು ಕರೆಯಲು ಹೋದ. ಎಲ್ಲರೂ ಬಂದರು, ಭೀಮಶಿಯೊಬ್ಬರು ಬರಲಿಲ್ಲ. ಅವರ ಹೆಂಡತಿ ಹಣಮವ್ವ ಚಹಾದ ಲೋಟ ನೋಡುತ್ತ, “ಊರಾಗ ಹೋಗ್ಯಾರ್ರಿ” ಎಂದರು. ಆದರೆ ಹೋಗಿ ನೋಡಿದರೆ ಅವರ ಕಬ್ಬಿನ ಬದುವಿನ ಮೇಲೆ ಒಂದು ಜೊತೆ ಚಪ್ಪಲಿಯಿತ್ತು.

“ಹಳೀ ಚಪ್ಪಲಿ ಸಾಹೇಬ್ರ, ಯಾರರೆ ಒಗದ ಹೋಗಿರಬೇಕು,” ಎಂದ ಕಾಮಣ್ಣ.

“ಒಗದಾಂವ ಹಿಂಗ ಜೋಡಸಿ ಇಡತಾನೇನಲೇ? ಒಳಗ ಅದಾನ,” ಎಂದರು ಗಿರಮಲ್ಲಪ್ಪನವರು.

ಕುಳಿಗಳಿಗೆ ಮದ್ದು ತುಂಬಿಯಾಗಿತ್ತು. ಹಾಗೆಯೇ ರಾತ್ರಿ ಬಿಡುವಂತಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. “ಹಾರಿಸ್ರಿ” ಎಂದು ಮಾಲಕರ ಫೋನ್ ಎರಡು ಸಲ ಬಂತು. ಗಿರಮಲ್ಲಪ್ಪನವರು ಫೋನನ್ನೂ ಖಾಕಿ ಅಂಗಿಯನ್ನೂ ಕಾಮಣ್ಣನ ಕೈಗೆ ಕೊಟ್ಟು, ಬನಿಯನ್ ಮೇಲೆಯೇ ಕಬ್ಬಿನೊಳಗೆ ನಡೆದರು. ಔಷಧಿಯ ಪೆಟ್ಟಿಗೆ ಹಿಡಿದು ನಾನು ಬದುವಿನ ಮೇಲೆ ನಿಂತಿದ್ದೆ.

“ಲೇ ಭೀಮಶಿ! ನಿನ್ನ ಗಿಡಾ ಎಣಸಾಕ ಬಂದಿಲ್ಲ, ನಿನ್ನ ಎಣಸಾಕ ಬಂದೇನಿ. ಪೊಲೀಸರಲ್ಲ, ಖಾಕಿ ಅಂಗಿನೂ ತಗದ ಬಂದೇನಿ. ಹೊರಗ ಬಾ!”

ಕಬ್ಬಿನೊಳಗಿಂದ ಮೆಲ್ಲನೆ ದನಿ ಬಂತು: “ಖರೇನ ಅಂಗಿ ತಗದೀರೇನ್ರಿ?”

“ಸೊಳ್ಳಿ ಕಡದ ಬೆನ್ನು ಉರ್ಯಾಕತ್ತೈತಿ. ಲಗೂ ಬಾರಲೇ!”

ಭೀಮಶಿ ಬಂದರು. ಎಣಿಕೆ ಮುಗಿಯಿತು, ಸೈರನ್ ಕೂಗಿತು, ಮದ್ದು ಹಾರಿತು. ಅವರು ಅಡಗಿದ್ದ ಜಾಗದಲ್ಲಿ ಕೊಡದಷ್ಟು ದಪ್ಪನೆಯ ಕಲ್ಲೊಂದು ಬಂದು ಬಿದ್ದದ್ದನ್ನು ಆಮೇಲೆ ನಾವೆಲ್ಲ ಕಂಡೆವು.

ಮರುದಿನ ಬೆಳಿಗ್ಗೆ ಭೀಮಶಿ ತಾವಾಗಿಯೇ ಪೊಲೀಸ್ ಠಾಣೆಗೆ ಹೋಗಿ ಬೆಳೆ ತೋರಿಸಿಕೊಟ್ಟರು. ಗಿರಮಲ್ಲಪ್ಪನವರು ಅವರ ಜೊತೆಗೆ ನಡೆದರು. ಶಿಕ್ಷೆಯಾಯಿತು. ಮುಗಿಸಿ ಬಂದ ದಿನ ಗಿರಮಲ್ಲಪ್ಪನವರು ಕೆಂಪು ಬಾವುಟ ಅವರ ಕೈಗಿಟ್ಟು, “ಎಲ್ಲಿ ಅಡಗತಾರಂತ ನಿನಗಿಂತ ಚಲೋ ಯಾರಿಗೆ ಗೊತ್ತಲೇ?” ಎಂದರು. ಇಂದಿಗೂ ಹೊಲದವರನ್ನು ಕರೆತರುವವರು ಭೀಮಶಿಯೇ, ಬಿಳಿ ಅಂಗಿಯಲ್ಲಿ. ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಅರವತ್ತು ತುಂಬಿ ನಿವೃತ್ತರಾಗುತ್ತಿರುವ ಗಿರಮಲ್ಲಪ್ಪನವರು ರಬಕವಿಯ ಮನೆಯಲ್ಲಿ ಸುಮ್ಮನೆ ಕೂಡುವವರಲ್ಲ. ಗಣಿಗೆ ಹೊಸದಾಗಿ ಸೇರುವವರಿಗೆ ಕೆಲಸ ಕಲಿಸುವೆನೆಂದಿದ್ದಾರೆ. ಅವರ ಮೊಣಕಾಲು ಗಟ್ಟಿಯಾಗಿರಲಿ, ದನಿ ಕಬ್ಬಿನಾಚೆಗೂ ಕೇಳುತ್ತಿರಲಿ, ನೂರು ವರ್ಷ ಅವರು ನಮ್ಮ ನಡುವೆ ಓಡಾಡಿಕೊಂಡಿರಲಿ.

ಮೊನ್ನೆ ಭೀಮಶಿಯನ್ನು ಕೇಳಿದೆ: “ಅವತ್ತ ಸಾಹೇಬ್ರು ಅಂಜಿಸಿದ್ದರೇನು, ಠಾಣೆಕ್ಕ ಹೋಗಂತ?”

“ಇಲ್ರಿ ಅಕ್ಕಾರ. ಒಂದ ಮಾತೂ ಅನ್ನಲಿಲ್ಲ. ಅಂದಿದ್ದರ ನಾ ಓಡಿ ಹೋಗತಿದ್ನಿ.”

ಅದು ನಿಜ. ಅಂದು ಮದ್ದಿನ ಧೂಳು ಇಳಿದ ಮೇಲೆ ಭೀಮಶಿ ಬೇವಿನ ಮರದಡಿ ಕುಳಿತಿದ್ದರು; ಬೆಳಗಿನಿಂದ ಹೊಟ್ಟೆಗೇನೂ ಇರಲಿಲ್ಲ. ಗಿರಮಲ್ಲಪ್ಪನವರೂ ಉಂಡಿರಲಿಲ್ಲ. ಅವರು ಕಚೇರಿಗೆ ಹೋಗಿ ತಮ್ಮ ಬುತ್ತಿ ತಂದರು, ಗಂಟು ಬಿಚ್ಚಿದರು, ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ಭೀಮಶಿಯ ಕೈಯಲ್ಲಿಟ್ಟರು.